ಅವ್ವ ಹಾಕಿದ ನೀರು

ನನ್ನ ನೆನಪನ್ನು ನಂಬುವುದಾದರೆ ದಾನಿಯೇಲ ಅಂದು ಬಾವಿಯಲ್ಲಿ ತಲೆ ಮುಳುಗಿಸಿದ. ಆದರೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅವನು ಕೂದಲಿನಿಂದ ನೀರಿಳಿಸುತ್ತ ಮೆಟ್ಟಿಲೇರಿ ಬಂದದ್ದು ಕಣ್ಣಿಗೆ ಕಟ್ಟಿದಂತಿದೆ. ಕಂಡದ್ದೋ, ಆಮೇಲೆ ಕಟ್ಟಿಕೊಂಡದ್ದೋ ತಿಳಿಯದು.

ಎಪ್ಪತ್ತರ ದಶಕದ ಮಾತು. ನಾನು ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿ, ದೇವರನ್ನು ಅಲ್ಲೇ ಬಿಟ್ಟು, ಬಸವನ ಬಾಗೇವಾಡಿಗೆ ಮರಳಿದ್ದೆ. ದೇವರ ಹಿಪ್ಪರಗಿಯಲ್ಲಿ ಮಾಸ್ತರನಾಗಿದ್ದ ಗೆಳೆಯ ದಾನಿಯೇಲ ಮುದ್ದೇಬಿಹಾಳದ ಶಾಂತಾಳನ್ನು ಮೆಚ್ಚಿದ್ದ. ಇಬ್ಬರೂ ಕ್ರೈಸ್ತರೇ. ಆದರೂ, ಕೂಸಿನ ನೆತ್ತಿಗೆ ನೀರು ಹಾಕುವ ದೀಕ್ಷಾಸ್ನಾನವನ್ನು ಒಪ್ಪದ ಸಭೆಗೆ ಸೇರಿದ್ದ ಅವಳ ತಂದೆ ಪೌಲಪ್ಪ ಷರತ್ತು ಹಾಕಿದ: ಹುಡುಗ ನೀರಿನಲ್ಲಿ ಪೂರ್ತಿ ಮುಳುಗಿ ಹೊಸದಾಗಿ ಹುಟ್ಟಬೇಕು, ಇಲ್ಲವಾದರೆ ಈ ಮದುವೆಗೆ ತನ್ನ ಒಪ್ಪಿಗೆಯಿಲ್ಲ. ಇದು ಬರಿಯ ಹಟವಲ್ಲ. ಹರೆಯವನ್ನೆಲ್ಲ ಕುಡಿತದಲ್ಲಿ ಕಳೆದ ಪೌಲಪ್ಪ ಒಂದು ಮುಂಜಾನೆ ಡೋಣಿ ಹೊಳೆಯಲ್ಲಿ ಮುಳುಗೆದ್ದ ಮೇಲೆ ಹೆಂಡ ಮುಟ್ಟಿರಲಿಲ್ಲ. ತಾನೇ ಒಪ್ಪಿ ಬದಲಾಗದ ಹೊರತು ಮರುಹುಟ್ಟಿಲ್ಲವೆಂದು ಅವನ ಮೈಯೇ ಅವನಿಗೆ ಕಲಿಸಿತ್ತು.

ದಾನಿಯೇಲನ ತಾಯಿ ಮರಿಯವ್ವನಿಗೆ ಆ ಮಾತು ಎದೆಗೆ ನಾಟಿತು. "ಹೆತ್ತಾಗ ಕೂಸಿಗೆ ಉಸರ ಇರಲಿಲ್ಲಪಾ. ಸೂಲಗಿತ್ತಿ ಕೈಬಿಟ್ಟಿದ್ಳು, ಪಾದ್ರಿ ದೂರ ಇಂಡಿ ಊರಾಗ. ತಂದಿ, ಮಗ, ಪವಿತ್ರಾತ್ಮನ ಹೆಸರ್ಲೆ ನಾನ ನೆತ್ತಿಗೆ ನೀರ ಹಾಕ್ದೆ, ಆಗ ಕೂಸು ಅತ್ತಿತು. ಈಗ ಮತ್ತ ಹುಟ್ಟು ಅಂದ್ರ, ಅವತ್ತ ಆಗಿದ್ದೇನು?" ಎಂದು ನನ್ನನ್ನು ಕೇಳಿದಳು.

ನನ್ನ ವಾದ ಪೌಲಪ್ಪನ ಕಡೆಗಿತ್ತು. ಕೂಸಾಗಿದ್ದಾಗ ಕೊರಳಿಗೆ ಕಟ್ಟಿದ ಲಿಂಗವನ್ನೇ ಬಿಚ್ಚಿಟ್ಟವನು ನಾನು. ಕೇಳದೆ ಕೊಟ್ಟದ್ದು ನನ್ನದು ಹೇಗಾದೀತು? ಆದರೆ ಓದುಗ ಗೆಳೆಯ, ಮೊದಲ ಹುಟ್ಟನ್ನಾದರೂ ನಾವು ಯಾರು ಕೇಳಿ ಪಡೆದೆವು? ಮುದುಕಿಯ ಮುಂದೆ ಈ ಪ್ರಶ್ನೆ ನನ್ನ ತರ್ಕದ ಕಾಲು ಹಿಡಿದೆಳೆಯಿತು.

ಸಿಂದಗಿಯ ಹತ್ತಿರದ ಹೊಲವೊಂದರ ಬಾವಿಗೆ ಶಾಂತಾಳೂ ಸೇರಿ ಎಲ್ಲರೂ ಹೋದೆವು. ಹೊಲದ ಗೌಡರು ನಗುತ್ತ, "ಮುಣಗಿದ್ರ ಮತ್ತ ಹುಟ್ತಾರಂದ್ರ ನಮ್ಮ ಎಮ್ಮಿ ದಿನಾ ಹುಟ್ಟಬೇಕಲ್ಲೋ ಪೌಲಪ್ಪ" ಎಂದರು.

"ಎಮ್ಮಿ ಪಾಪ ಮಾಡೂದಿಲ್ರಿ ಗೌಡ್ರ," ಎಂದ ಪೌಲಪ್ಪ, ನಗದೆ.

ಪೌಲಪ್ಪ, ದಾನಿಯೇಲ ಇಬ್ಬರೂ ಎದೆಮಟ್ಟದ ನೀರಿಗಿಳಿದರು. ಮರಿಯವ್ವ ಮೇಲಿನ ಮೆಟ್ಟಿಲಲ್ಲಿ ಸೆರಗು ಬಿಗಿಹಿಡಿದು ನಿಂತಿದ್ದಳು. ಪೌಲಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, "ಇವತ್ತ ಹೊಸದಾಗಿ ಹುಟ್ಟಾಕ ಒಪ್ಪೀಯೇನಪಾ?" ಎಂದು ಕೇಳಿದ.

"ಮುಣಗಂದ್ರ ಮುಣಗ್ತೇನ್ರಿ ಕಾಕಾ. ಇವತ್ತ ಹುಟ್ಟೇನಿ ಅಂತ ಮಾತ್ರ ಅನ್ನಂಗಿಲ್ಲ. ನಾ ಅವ್ವನ ಕೈಯಾಗ ಹುಟ್ಟೇನಿ."

ಅಲ್ಲಿಂದಾಚೆ ನನ್ನ ನೆನಪು ಹೇಳುವುದು ಒಂದು, ಶಾಂತಾ ಹೇಳಿದ್ದು ಇನ್ನೊಂದು. ಎಷ್ಟೋ ವರ್ಷಗಳ ಮೇಲೆ ಮುದ್ದೇಬಿಹಾಳದಲ್ಲಿ ಸಿಕ್ಕಾಗ ಅವಳೆಂದಳು: "ಮುಣಗಲಿಲ್ರಿ ಅಣ್ಣಾರ. ಅಪ್ಪನೇ ಕೈ ತಗದ. ಒಪ್ಪಿಗಿಲ್ದ ಮುಣಗಿಸಿದ್ರ ಪಾಪ ನನಗ ಅಂದ. ಮದಿವಿಗೆ ಮಾತ್ರ ಬರಲಿಲ್ಲ."

ಮದುವೆಯ ಹೊತ್ತಿಗೆ ನಾನು ಊರಲ್ಲಿರಲಿಲ್ಲ. ಅವಳು ಹೇಳಿದ ಇನ್ನೊಂದು ಸಂಗತಿಯನ್ನು, ಆ ಮದುವೆಯಲ್ಲಿದ್ದ ಇಬ್ಬರ ಹತ್ತಿರ ಬೇರೆಬೇರೆಯಾಗಿ ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ: ಕರೆತರಬೇಕಾದ ತಂದೆಯಿಲ್ಲದೆ ಚರ್ಚಿನ ಬಾಗಿಲಲ್ಲಿ ನಿಂತಿದ್ದ ಶಾಂತಾಳನ್ನು ಕೈಹಿಡಿದು ಒಳಗೆ ಕರೆತಂದವಳು ಮರಿಯವ್ವ.