ಚಿತ್ರದ ಬೆನ್ನಿಗೆ ಎರಡು ಸಾಲು

ಬೆಳಗಿನ ನಾಲ್ಕೂವರೆ. ಮಾಟುಂಗದ ಹಿಂಬದಿಯ ಗಲ್ಲಿಯಲ್ಲಿ ನಲ್ಲಿ ಎರಡು ಸಲ ಕೆಮ್ಮಿ, ಕೊನೆಗೂ ನೀರು ಬಿಡುತ್ತದೆ. ಚಾಳಿನ ಹೆಂಗಸರು ಕೊಡ ಹಿಡಿದು ಸಾಲು ನಿಲ್ಲುವಷ್ಟರಲ್ಲಿ ಅಣವೀರಪ್ಪ ಸ್ಟುಡಿಯೋದ ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಫೋಟೋ ತೊಳೆಯುತ್ತಿದ್ದಾರೆ. ಪ್ರಿಂಟಿಗೆ ಅಂಟಿದ ಮದ್ದು ಬಿಡಬೇಕಾದರೆ ಹರಿಯುವ ನೀರೇ ಬೇಕು, ಆ ನೀರು ಆರೂವರೆಗೆ ನಿಂತುಹೋಗುತ್ತದೆ. ತೊಟ್ಟಿಯ ತುಂಬ ಮೂವತ್ತೆಂಟು ಚಿತ್ರಗಳು, ಎಲ್ಲದರಲ್ಲೂ ಕೈಗಳು. ಇಡ್ಲಿ ಹಿಟ್ಟು ರುಬ್ಬುವ ಕೈ, ಟಿಕೆಟ್ ಹರಿಯುವ ಕೈ, ಮಗ್ಗುಲಲ್ಲಿ ಮಗು ಮಲಗಿಸಿಕೊಂಡು ಇಟ್ಟಿಗೆ ಎತ್ತಿಕೊಡುವ ಕೈ. ಅವನ್ನು ತಿರುವಿ ತಿರುವಿ ಮುಳುಗಿಸುತ್ತಿರುವ ಕೈಯ ಉಗುರುಗಳು ಮಾತ್ರ ಯಾರ ಚಿತ್ರದಲ್ಲೂ ಇಲ್ಲ. ಇಪ್ಪತ್ಮೂರು ವರ್ಷದ ಮದ್ದಿಗೆ ಅವು ಕಂದಿ ಕಾಫಿ ಬಣ್ಣಕ್ಕೆ ತಿರುಗಿವೆ.

"ನೀರಾಗ ಎಲ್ಲಾ ಫೋಟೋ ಚಂದೇ ಕಾಣ್ತಾವ್ರಿ," ಎನ್ನುತ್ತಾರೆ ಅವರು. "ಒಣಗಿದ ಮ್ಯಾಲ ಖರೆ ಗುಣ ತಿಳೀತದ. ಅದಕ್ಕ ಹಸಿ ಇದ್ದಾಗ ನಾ ಏನೂ ಬರಿಯಂಗಿಲ್ಲ."

ಬರೆಯುವುದೇ ಈ ಮನುಷ್ಯನ ಎರಡನೆಯ ಕೆಲಸ. ಸಂಬಳವಿಲ್ಲದ್ದು, ಹೆಸರಿಲ್ಲದ್ದು. ಇಲ್ಲಿನ ಕನ್ನಡಿಗರ ಹವ್ಯಾಸಿ ಫೋಟೋ ಬಳಗ ತಿಂಗಳಿಗೊಂದು ವಿಷಯ ಕೊಟ್ಟು ಸ್ಪರ್ಧೆ ನಡೆಸುತ್ತದೆ, ಈ ತಿಂಗಳದ್ದು 'ಕೈ'. ಬ್ಯಾಂಕಿನ ಗುಮಾಸ್ತರು, ಹೋಟೆಲಿನ ಮಾಣಿಗಳು, ಒಬ್ಬಿಬ್ಬರು ಗೃಹಿಣಿಯರು ಬಾಕ್ಸ್ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ಪ್ರಿಂಟಿಗೆ ಈ ಸ್ಟುಡಿಯೋಕ್ಕೇ ಬರುತ್ತವೆ. ತೀರ್ಪುಗಾರರು ಮೂರನ್ನು ಆರಿಸಿ, ಚಹಾ ಕುಡಿದು ಹೋಗುತ್ತಾರೆ. ಉಳಿದವು ಲಕೋಟೆಯಲ್ಲಿ ವಾಪಸು. ಆ ಲಕೋಟೆ ಕಟ್ಟುವ ಕೆಲಸ ಅಣವೀರಪ್ಪನವರ ಪಾಲಿಗೆ ಬಂದಿತ್ತು. ಒಂದು ದಿನ ಅವರೇ ಪೆನ್ಸಿಲ್ ಚೂಪು ಮಾಡಿ, ಸೋತ ಚಿತ್ರಗಳ ಬೆನ್ನಿಗೆ ಎರಡೆರಡು ಸಾಲು ಬರೆದರು.

"ಸೋತವ್ರಿಗೆ ಯಾಕ ಸೋತ್ವಿ ಅಂತ ಯಾರೂ ಹೇಳಂಗಿಲ್ರಿ. ಬರೇ ಕವರ್ ಕೈಯಾಗ ಇಡ್ತಾರ. ಪಾಪ, ಮುಂದಿನ ತಿಂಗಳ ಮತ್ತ ಅದೇ ತಪ್ಪು ಮಾಡ್ಕೊಂಡು ಬರ್ತಾರ."

ಆಳಂದದ ಕಡೆಯ ಈ ಮನುಷ್ಯ ಓದಿದ್ದು ನಾಲ್ಕನೆಯ ಇಯತ್ತೆ. ಮುಂಬಯಿಗೆ ಬಂದವರು ಮೊದಲು ಕಲ್ಲು ಹೊತ್ತರು, ಆಮೇಲೆ ಸ್ಟುಡಿಯೋದ ತೊಟ್ಟಿಗೆ ನೀರು ಹೊತ್ತರು. ನೀರು ಸುರಿಯುತ್ತ ಸುರಿಯುತ್ತಲೇ ಡಾರ್ಕ್‌ರೂಮಿನ ಕೆಂಪು ಬೆಳಕಿಗೆ ಕಣ್ಣು ಪಳಗಿತು. ಅವರ ಎರಡು ಸಾಲು ಮೆಲ್ಲಗೆ ಬೆನ್ನು ಸವರಿ ಆಮೇಲೆ ಕಿವಿ ಹಿಂಡುವಂಥವು. 'ಮುಖ ಜೀವಂತವಾಗಿದೆ. ಆದರೆ ಹಿಂದಿನ ಕ್ಯಾಲೆಂಡರೇ ಜೋರಾಗಿ ಮಾತಾಡುತ್ತಿದೆ, ಮೇಜನ್ನು ಕಿಟಕಿಯತ್ತ ಎಳೆದುಕೊಳ್ಳಿ.' 'ಬೆಳಕು ಸರಿ. ಆದರೆ ನೀವು ಹತ್ತು ಹೆಜ್ಜೆ ದೂರ ನಿಂತು ನಾಚಿಕೊಂಡಿದ್ದೀರಿ, ಆಕೆಯನ್ನು ಕೇಳಿ ಹತ್ತಿರ ಹೋಗಿ.' ಬರೆದವರು ಯಾರೆಂದು ಬಳಗದ ಅರ್ಧ ಮಂದಿಗೆ ಇವತ್ತಿಗೂ ಗೊತ್ತಿಲ್ಲ. ತೀರ್ಪುಗಾರರೇ ಬರೆದದ್ದೆಂದು ನಂಬಿ ಅವರಿಗೆ ಕೈಮುಗಿದವರೂ ಉಂಟು.

"ನನ್ನ ರೊಟ್ಟಿನೂ ಬಿಡಂಗಿಲ್ರೀ ಇವ್ರು," ಎಂದು ಚಹಾ ತಂದಿಟ್ಟ ಹೆಂಡತಿ ಮಲ್ಲಕ್ಕ ನಗುತ್ತಾರೆ. "ಛಲೋ ಅದ ಅಂತಾರ. ಆಮ್ಯಾಲ, ಈ ಕಡಿ ಅಂಚು ಸ್ವಲ್ಪ ದಪ್ಪ ಅಂತಾರ."

ಅಂಚು ಎಂಬ ಮಾತು ಬಂದದ್ದೇ ತಡ, ಅಣವೀರಪ್ಪ ತಲೆ ತಗ್ಗಿಸುತ್ತಾರೆ. ಮಲ್ಲಕ್ಕನ ನಗುವೂ ನಿಲ್ಲುತ್ತದೆ.

ಅದು ಎಪ್ಪತ್ತನೆಯ ಇಸವಿಯ ಮಾತು. ಈಗ್ಗೆ ನಾಲ್ಕು ವರ್ಷವಾಯಿತು. ಆ ತಿಂಗಳ ವಿಷಯ 'ಕಾಯುವುದು'. ಬೊರಿವಲಿಯ ರಾಮಸ್ವಾಮಿ, ಮೈಸೂರು ಕಡೆಯವರು, ವಿಮಾ ಕಚೇರಿಯ ಗುಮಾಸ್ತರು, ಕೊಟ್ಟ ಮೊದಲ ಚಿತ್ರ ಅದು. ಮುಂಜಾನೆಯ ಸ್ಟೇಷನ್, ಖಾಲಿ ಕೈಗಾಡಿಗೆ ಒರಗಿದ ಹಮಾಲ, ನೆಲದ ಮೇಲೆ ಉದ್ದುದ್ದ ನೆರಳು. ಬಲ ಅಂಚಿನಲ್ಲಿ ಮಾತ್ರ, ಬುತ್ತಿ ಡಬ್ಬಿ ಹಿಡಿದ ಒಬ್ಬ ಮುದುಕಿ, ಸೆರಗು ಎಳೆದುಕೊಂಡು ಚೌಕಟ್ಟಿನಿಂದ ಆಚೆ ಸರಿಯುತ್ತ ಅರ್ಧಕ್ಕೆ ಸಿಕ್ಕಿಬಿದ್ದಿದ್ದರು. ಅಣವೀರಪ್ಪ ಬೆನ್ನಿಗೆ ಬರೆದರು: 'ಹಮಾಲನ ನಿಲುವು ಅಪರೂಪ. ಬಲಗಡೆಯ ಅರ್ಧ ಮುದುಕಿಯನ್ನು ಕತ್ತರಿಸಿ, ಚಿತ್ರ ಗೆಲ್ಲುತ್ತದೆ.' ಎಲ್ಲಿಂದ ಎಂದು ತಿಳಿಯಲಿ ಅಂತ ಒಂದು ಗೆರೆಯನ್ನೂ ಎಳೆದರು.

ಪ್ರಿಂಟ್ ಹಾಕುವಾಗ ಅಷ್ಟು ಭಾಗಕ್ಕೆ ಕಪ್ಪು ಕಾಗದ ಅಡ್ಡವಿಟ್ಟರೆ ಸಾಕು, ನೆಗೆಟಿವನ್ನು ಮುಟ್ಟಬೇಕಿಲ್ಲ. ಅದು ಹೊಸಬರಿಗೆ ಗೊತ್ತಿರಲಿಲ್ಲ, ಇವರು ಬಿಡಿಸಿ ಬರೆಯಲಿಲ್ಲ. ರಾಮಸ್ವಾಮಿ ಗೆರೆಗುಂಟ ಪ್ರಿಂಟನ್ನು ಕತ್ತರಿಸಿ ನೋಡಿದರು. ಚೆನ್ನಾಗಿ ಕಂಡಿತು. ಅದೇ ಅಳತೆಗೆ ನೆಗೆಟಿವನ್ನೂ ಕತ್ತರಿಸಿ, ಎರಡರ ತುಂಡನ್ನೂ ಮನೆಯ ಕಸದ ಡಬ್ಬಿಗೆ ಹಾಕಿ, ಉಳಿದ ನೆಗೆಟಿವನ್ನು ಹೊಸ ಪ್ರಿಂಟಿಗೆಂದು ಸ್ಟುಡಿಯೋಕ್ಕೆ ತಂದರು.

"ನೆಗೆಟಿವ್ ಕತ್ತರಿಸಿದ್ದು ನೋಡಿ ಎದಿ ಝಲ್ ಅಂತು. ತುಂಡು ಎಲ್ಲದ ಅಂತ ಅವತ್ತ ಕೇಳಿದ್ರ ಕಸದ ಡಬ್ಬ್ಯಾಗಾದ್ರೂ ಸಿಗ್ತಿತ್ತು. ಕೇಳ್ಲಿಲ್ಲ ನಾ. ಚಿತ್ರ ಅಷ್ಟು ಚಂದ ಬಂದಿತ್ತು, ಅದ್ರಾಗ ಮೈಮರ್ತೆ."

ವಾರ್ಷಿಕ ಪ್ರದರ್ಶನದಲ್ಲಿ ಆ ಚಿತ್ರಕ್ಕೆ ಮೊದಲ ಬಹುಮಾನ. ಬಳಗದ ಕೋಣೆಯ ಗೋಡೆಯ ಮೇಲೆ ಇಂದಿಗೂ ತೂಗುತ್ತಿದೆ. ಬಹುಮಾನ ಬಂದ ಎರಡು ತಿಂಗಳಿಗೆ ರಾಮಸ್ವಾಮಿಯವರ ತಾಯಿ ತೀರಿಕೊಂಡರು. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿ ಜೀವಮಾನವಿಡೀ ಕ್ಯಾಮೆರಾಕ್ಕೆ ಬೆನ್ನು ಹಾಕಿದ್ದ ಹೆಂಗಸು. ಮರೆತುಹೋದ ಬುತ್ತಿ ಕೊಡಲು ಮಗನ ಹಿಂದೆ ಸ್ಟೇಷನ್ನಿಗೆ ಓಡಿಬಂದದ್ದು ಅವರೇ.

ಹದಿನಾಲ್ಕನೆಯ ದಿನ ರಾಮಸ್ವಾಮಿ ತಲೆ ಬೋಳಿಸಿಕೊಂಡವರು, ಪ್ರಿಂಟು ನೆಗೆಟಿವ್ ಎರಡನ್ನೂ ಹಿಡಿದು ಸ್ಟುಡಿಯೋಕ್ಕೆ ಬಂದು ನಿಂತರು. ಅಣವೀರಪ್ಪ ವಿಷಯ ಕೇಳಿ ಕೈಯಲ್ಲಿದ್ದ ಕೆಲಸ ಕೆಳಗಿಟ್ಟರು. ಬರೆದವನು ನಾನೇ ಎಂದು ಒಪ್ಪಿಕೊಂಡರು. ರಾಮಸ್ವಾಮಿ ಬೈಯಲಿಲ್ಲ.

"ನೀವು ಹೇಳಿದ್ದು ಸರಿಯಾಗೇ ಇತ್ತು ಅಣವೀರಪ್ಪನವರೇ, ಫೋಟೋ ಚೆನ್ನಾಗಾಯ್ತು," ಎಂದರಂತೆ. "ಅಮ್ಮ ಮನೇಲೇ ಇದ್ರಲ್ಲ, ಅವರ ಫೋಟೋ ಯಾಕೆ ಅಂದ್ಕೊಂಡೆ. ಇದರಲ್ಲಿ ಅವರದು ಏನಾದ್ರೂ ಉಳಿದಿದ್ಯಾ, ನೋಡ್ತೀರಾ?"

ಇಬ್ಬರೂ ಭೂತಗನ್ನಡಿ ಹಿಡಿದು ಹುಡುಕಿದರು. ಉಳಿದಿತ್ತು. ಎಳೆಬಿಸಿಲಿಗೆ ಮುದುಕಿಯ ನೆರಳು ಎಡಕ್ಕೆ ಚಾಚಿ, ಗೆರೆ ದಾಟಿ, ಹಮಾಲನ ಪಾದದವರೆಗೂ ಬಿದ್ದಿತ್ತು. ತಲೆಯ ಮೇಲಿನ ಸೆರಗು, ಕೈಯಲ್ಲಿನ ಡಬ್ಬಿ. ಅಣವೀರಪ್ಪ ಅಷ್ಟನ್ನೇ ದೊಡ್ಡದು ಮಾಡಿ ಪ್ರಿಂಟ್ ಹಾಕಿ, ಬೇಗ ಮಾಸದಿರಲೆಂದು ಎಂದಿಗಿಂತ ಎರಡು ಪಟ್ಟು ಹೊತ್ತು ತೊಳೆದು ಕೊಟ್ಟರು. ವರ್ಷಾಬ್ದಿಕಕ್ಕೆ ಬೊರಿವಲಿಗೆ ಹೋದಾಗ ಗೋಡೆಯ ಮೇಲೆ ಅದಕ್ಕೆ ಹಾರ ಹಾಕಿತ್ತು, ಕುಂಕುಮ ಎಲ್ಲಿ ಇಡಬೇಕೆಂದು ತಿಳಿಯದೆ ಗಾಜಿನ ಮೂಲೆಗೆ ಇಟ್ಟಿದ್ದರು.

ಅಂದಿನಿಂದ ಅವರ ಪೆನ್ಸಿಲ್ಲು 'ಕತ್ತರಿಸಿ' ಎಂದು ಬರೆದಿಲ್ಲ. ಅಂಚಿನಲ್ಲಿ ಯಾರಾದರೂ ಅರ್ಧ ಕಂಡರೆ, 'ಇವರು ಯಾರು?' ಎಂದಷ್ಟೇ ಕೇಳುತ್ತಾರೆ. ರಾಮಸ್ವಾಮಿಯೂ ಅಂದಿನಿಂದ ಸ್ಪರ್ಧೆಗೆ ಒಂದೂ ಚಿತ್ರ ಕೊಟ್ಟಿಲ್ಲ. ಲೋಕಲ್‌ನಲ್ಲಿ ಎದುರಾದರೆ ನಗುತ್ತಾರೆ, ಊಟವಾಯಿತೇ ಎಂದು ಕೇಳುತ್ತಾರೆ, ಇಳಿದುಹೋಗುತ್ತಾರೆ.

ಆರೂವರೆಗೆ ನಲ್ಲಿ ನಿಲ್ಲುತ್ತದೆ. ಅಣವೀರಪ್ಪ ಮೂವತ್ತೆಂಟು ಚಿತ್ರಗಳನ್ನೂ ಹಗ್ಗಕ್ಕೆ ಸಿಕ್ಕಿಸಿ, ಬಳಗದವರು ಕೊಟ್ಟ ಹೆಸರಿನ ಪಟ್ಟಿಯ ಮೇಲೆ ಇನ್ನೊಮ್ಮೆ ಬೆರಳಾಡಿಸುತ್ತಾರೆ. ಪ್ರತಿ ತಿಂಗಳೂ ಹೀಗೆಯೇ ಒಂದು ಹೆಸರು ಹುಡುಕುವುದು ಅವರ ರೂಢಿ. ಈ ತಿಂಗಳೂ ಇಲ್ಲ.

"ನನಗ ಬ್ಯಾರೆ ಏನೂ ಬ್ಯಾಡ್ರಿ," ಎನ್ನುತ್ತಾರೆ, ಒದ್ದೆ ಕೈಯನ್ನು ಧೋತರಕ್ಕೆ ಒರೆಸುತ್ತ. "ರಾಮಸ್ವಾಮಿಯವ್ರು ಇನ್ನೊಂದು ಫೋಟೋ ತರ್ಬೇಕು. ಹೆಂಗ ಇದ್ರೂ ನಡೀತದ. ಅದ್ರ ಹಿಂದ ನಾ ಏನೂ ಬರಿಯಂಗಿಲ್ಲ."