ಎಲ್ಲರದ್ದೂ ಮುಗಿದ ಮೇಲೆ ಎರಡು ಹಾರ್ನ್

ಕಾರಿನ ಹಾರ್ನ್ ಕೇಳಿ ಅಳೋ ಹೆಂಗಸು ಡಬ್ಲಿನ್‌ನ ನಮ್ಮ ಇಡೀ ಕ್ಯಾಸಲ್‌ನಾಕ್‌ನಲ್ಲಿ ನಾನೊಬ್ಬಳೇ ಇರಬೇಕು. ಮೊನ್ನೆ ಸೂಪರ್‌ಮಾರ್ಕೆಟ್ ಪಾರ್ಕಿಂಗಲ್ಲಿ ಯಾರೋ ಯಾರಿಗೋ ಚಿಕ್ಕದಾಗಿ ಎರಡು ಸಲ ಹಾರ್ನ್ ಮಾಡಿದ್ರು. ನಾನು ಟ್ರಾಲಿ ಹಿಡ್ಕೊಂಡು ಅಲ್ಲೇ ನಿಂತ್ಬಿಟ್ಟೆ. ಮಗಳು ಬ್ಯಾಗು ಡಿಕ್ಕಿಗೆ ಹಾಕ್ತಾ "ಅಮ್ಮೀ, ನಾಟ್ ಅಗೇನ್" ಅಂದ್ಲು. ಯಾಕೆ ಅಂತ ಅವಳಿಗೆ ಗೊತ್ತು. ನಿಮಗೆ ಗೊತ್ತಿಲ್ಲ, ಅದಕ್ಕೇ ಬರೀತಿದೀನಿ.

ಲಾಕ್‌ಡೌನ್ ಶುರುವಾದ ವರ್ಷದ ಬೇಸಿಗೆ ಅದು. ನಮ್ಮನೆ ಬಾಕ್ಸ್ ರೂಮಲ್ಲಿ ಒಬ್ಬಳು ಅಮೆರಿಕದ ಹುಡುಗಿ ಬಾಡಿಗೆಗಿದ್ಲು. ಬಾಕ್ಸ್ ರೂಮ್ ಅಂದ್ರೆ, ಒಂದು ಮಂಚ ಹಾಕಿದ್ರೆ ಬಾಗಿಲು ಪೂರ್ತಿ ತೆಗೆಯೋಕಾಗಲ್ಲ, ಅಷ್ಟು. ಓಹಾಯೋದ ಒಂದು ಸಣ್ಣ ಊರಿಂದ ಡಬ್ಲಿನ್‌ಗೆ ಮಾಸ್ಟರ್ಸ್ ಓದೋಕೆ ಬಂದಿದ್ದೋಳು. ಕ್ಲಾಸೆಲ್ಲ ಲ್ಯಾಪ್‌ಟಾಪ್ ಒಳಗೆ ಹೋಯ್ತು, ಇವಳು ನಮ್ಮನೆ ಒಳಗೆ ಉಳಿದ್ಲು. ರೂಮ್ ನೋಡೋಕೆ ಬಂದ ದಿನಾನೇ ನಾನು ನೇರವಾಗಿ ಹೇಳಿದ್ದೆ. "ನೋಡಮ್ಮ, ನಾವು ಮುಸ್ಲಿಮ್ಸು. ಈ ಮನೇಲಿ ಹಂದಿ ಮಾಂಸ ಬರಲ್ಲ, ಬಾಟ್ಲು ಬರಲ್ಲ, ಶೂ ಬಾಗಿಲಲ್ಲೇ ಬಿಡಬೇಕು."

"ನಾನೂ ಕುಡಿಯಲ್ಲ ಮ್ಯಾಮ್. ಚರ್ಚ್‌ಗೆ ಹೋಗೋಳು ನಾನು" ಅಂದ್ಲು.

ಅವಳು ಆ ಕಡೆ ಹೋದ ತಕ್ಷಣ ನಮ್ಮನೆಯವರು ಹೇಳಿದ್ದು: "ಐರ್ಲೆಂಡಲ್ಲಿ ಕುಡೀದೇ ಇರೋ ಟೆನೆಂಟು. ಇವತ್ತೇ ಕೀ ಕೊಟ್ಬಿಡು, ಬೇರೆಯವರು ಹಾರಿಸ್ಕೊಂಡ್ ಹೋಗ್ತಾರೆ."

ಮ್ಯಾಮ್ ಅನ್ನೋದು ನನಗೆ ಸ್ಕೂಲ್ ಟೀಚರ್ ಆದ ಹಾಗೆ ಅನ್ಸ್ತಿತ್ತು. ಆಂಟಿ ಅನ್ನು ಅಂದೆ. ಅವತ್ತಿಂದ ಆಂಟಿ.

ಅವಳ ಬೇಸಿಗೆ ನೋಡಿದ್ರೆ ನಗು ಬರ್ತಿತ್ತು. ನಾವು ಸ್ವೆಟರಲ್ಲಿದ್ರೆ ಅವಳು ಚಡ್ಡೀಲಿ ಫೀನಿಕ್ಸ್ ಪಾರ್ಕಲ್ಲಿ ಓಡಿ ಬರೋಳು, ಬಂದು ಜಿಂಕೆ ಕಥೆ ಹೇಳೋಳು. ದೊಡ್ಡ ಗಾಜಿನ ಜಾಡೀಲಿ ನೀರು ತುಂಬಿ, ಟೀ ಬ್ಯಾಗ್ ಇಳಿಬಿಟ್ಟು, ಹಿತ್ತಲ ಗೋಡೆ ಮೇಲೆ ಇಡೋಳು. ಅವರೂರಲ್ಲಿ ಬಿಸಿಲಲ್ಲೇ ಟೀ ಆಗತ್ತಂತೆ. ಇಲ್ಲಿ ಬಿಸಿಲು ಎಲ್ಲಿ? ಸಾಯಂಕಾಲ ಜಾಡಿ ತೆಗೆದ್ರೆ ಕೊಳೆ ನೀರಿನ ಬಣ್ಣ. ಅದಕ್ಕೇ ಸಕ್ಕರೆ ಸುರ್ಕೊಂಡು ಕುಡಿದು "ಗ್ರ್ಯಾಂಡ್" ಅನ್ನೋಳು. ಇಲ್ಲಿನವರು ಎಲ್ಲದಕ್ಕೂ ಅನ್ನೋದು ಅದನ್ನೇ, ಚೆನ್ನಾಗಿದೆ ಅಂತ; ಅವಳು ಇಲ್ಲಿ ಬಂದು ಕಲಿತ ಮೊದಲನೇ ಮಾತು ಅದು. ನನ್ನ ಮಗಳು ಇಲ್ಲೇ ಹುಟ್ಟಿದೋಳು, ನಾನು ಕನ್ನಡದಲ್ಲಿ ಕೇಳಿದ್ರೆ ಇಂಗ್ಲಿಷಲ್ಲಿ ಉತ್ತರ ಕೊಡೋಳು. ಅವಳೇ ಇವಳ ಗ್ರ್ಯಾಂಡ್ ಕೇಳಿ ಸೋಫಾ ಮೇಲೆ ಬಿದ್ದು ನಗೋಳು.

ಆದ್ರೆ ಭಾನುವಾರ ಯಾರೂ ನಗ್ತಿರಲಿಲ್ಲ. ಭಾನುವಾರ ಅವಳು ಬೇರೆಯೇ ಹುಡುಗಿ. ಇಲ್ಲಿನ ಚರ್ಚ್ ಮುಚ್ಚಿತ್ತು, ನಮ್ಮ ಮಸೀದಿನೂ ಮುಚ್ಚಿತ್ತು. ನಮ್ಮನೆಯವರು ಶುಕ್ರವಾರ ಹಾಲಲ್ಲಿ ನಮಾಜಿಗೆ ಜಾನಮಾಜ್ ಹಾಸ್ಕೊಂಡ್ರೆ, ಅವಳಿಗೆ ಭಾನುವಾರ ನಮ್ಮ ಅಡುಗೆಮನೆ ಟೇಬಲ್ಲೇ ಚರ್ಚು. ಊಟ ಆದ ಮೇಲೆ ಟೇಬಲ್ ಒರೆಸಿ, ಇಸ್ತ್ರಿ ಮಾಡಿದ ಹೂವಿನ ಫ್ರಾಕ್ ಹಾಕ್ಕೊಂಡು, ತಲೆ ಬಾಚ್ಕೊಂಡು ಬರೋಳು. ಮೊದಲನೇ ವಾರ ಬರೀ ಕಾಲಲ್ಲಿ ಕೂತು, ಕಾಲು ಬಚ್ಚಿಟ್ಕೊಂಡು, "ಆಂಟಿ, ದೇವರ ಮುಂದೆ ಶೂ ಇಲ್ದೆ ಕೂತ್ರೆ ಏನೋ ಒಂಥರಾ" ಅಂದ್ಲು. ನಮಗೆ ಶೂ ಹಾಕ್ಕೊಂಡು ಹೋದ್ರೆ ಒಂಥರಾ. ಹೋಗಲಿ ಅಂತ, ಶೂ ತಳ ತೊಳ್ಕೊಂಡು ಬಂದು ಹಾಕ್ಕೋ ಅಂದೆ. ಹಿತ್ತಲ ನಲ್ಲೀಲಿ ತಿಕ್ಕಿ ತಿಕ್ಕಿ ತೊಳ್ಕೊಂಡು ಬಂದ್ಲು. ಬಿಳೀ ಶೂ. ನಮ್ಮನೆ ಒಳಗೆ ಓಡಾಡಿದ ಶೂ ಅದೊಂದೇ.

ಲ್ಯಾಪ್‌ಟಾಪಲ್ಲಿ ಅವಳ ಊರಿನ ಚರ್ಚು. ಅಲ್ಲೂ ಒಳಗೆ ಸೇರೋ ಹಾಗಿಲ್ಲ, ಆದ್ರೆ ಅವರು ಏನ್ ಮಾಡಿದ್ರು ಗೊತ್ತಾ? ಚರ್ಚ್ ಮುಂದಿನ ಪಾರ್ಕಿಂಗಲ್ಲಿ ಎಲ್ಲರೂ ಅವರವರ ಕಾರಲ್ಲೇ ಕೂತ್ಕೊಳ್ಳೋದು. ಪಾದ್ರಿ ಒಂದು ಟ್ರೈಲರ್ ಮೇಲೆ ನಿಂತ್ಕೊಂಡು ಮೈಕಲ್ಲಿ ಮಾತಾಡೋದು. ಮಾತು ಇಷ್ಟ ಆದ್ರೆ ಆಮೆನ್ ಅನ್ನೋ ಬದಲು ಎಲ್ಲರೂ ಹಾರ್ನ್ ಒತ್ತೋದು. ಮೊದಲನೇ ಸಲ ಕೇಳಿದಾಗ ನಾನು ಪಾತ್ರೆ ತೊಳೀತಿದ್ದೋಳು ತಿರುಗಿ "ಏನಿದು, ಸಿಲ್ಕ್ ಬೋರ್ಡ್ ಜಂಕ್ಷನ್ನಾ?" ಅಂದೆ. ನಮ್ಮನೆಯವರು ಹಾಲಿಂದ ಓಡಿ ಬಂದ್ರು, ಊರಿನ ವಿಡಿಯೋ ಅಂತ.

"ಶ್, ಆಂಟಿ. ಈಗ ಅಪ್ಪಂದು ಬರತ್ತೆ."

ಎಲ್ಲರ ಹಾರ್ನ್ ನಿಲ್ತು. ಪಾದ್ರಿ ಬಾಯಿ ತೆಗೀಬೇಕು, ಅಷ್ಟ್ರಲ್ಲಿ ಎಲ್ಲಿಂದಲೋ ನೆಗಡಿ ಆದ ಮೇಕೆ ಥರ, ಚಿಕ್ಕದಾಗಿ, ಎರಡು ಸಲ.

ಅವಳ ಮುಖ ಅರಳ್ತು. "ಅವರ ಪಿಕಪ್ ಟ್ರಕ್. ನನಗಿಂತ ದೊಡ್ಡದು ವಯಸ್ಸಲ್ಲಿ."

"ಎಲ್ಲರದ್ದೂ ಮುಗಿದ್ಮೇಲೆ ಯಾಕೆ ಒತ್ತೋದು?"

"ಅಪ್ಪನ ಆಮೆನ್ ಯಾವಾಗ್ಲೂ ಲೇಟು. ಚರ್ಚ್ ಒಳಗೂ ಹಂಗೇ. ಪಾದ್ರಿ ಹೇಳಿದ್ದು ಸರೀನಾ ಅಂತ ಯೋಚನೆ ಮಾಡಿ, ಒಪ್ಕೊಂಡ್ಮೇಲೇ ಹೇಳೋದು. ಅಮ್ಮಂಗೆ ನಾಚಿಕೆ ಆಗತ್ತೆ."

ಆ ಮನುಷ್ಯ ಫೋನಲ್ಲಿ ಮಾತಾಡೋರಲ್ಲ. ಫೋನ್ ಕೊಟ್ರೆ "ಚೆನ್ನಾಗಿದೀಯಾ, ಸರಿ, ಅಮ್ಮಂಗೆ ಕೊಡ್ತೀನಿ," ಅಷ್ಟೇ. ಟಿವಿ ಹಾಕಿದ್ರೆ ಅಮೆರಿಕದಲ್ಲಿ ದಿನಾ ಸಾವಿನ ಸುದ್ದಿ. ಅಪ್ಪ ಚೆನ್ನಾಗಿದಾರೆ ಅಂತ ಅವಳಿಗೆ ಗೊತ್ತಾಗ್ತಿದ್ದಿದ್ದು ಆ ಎರಡು ಹಾರ್ನಿಂದ. ಅದು ಕೇಳಿದ್ರೆ ಆ ವಾರ ನಿದ್ದೆ, ಊಟ, ಓಟ, ಟೀ ಜಾಡಿ. ಆಮೇಲೆ ಆಮೇಲೆ ನಾನೂ ಪಾತ್ರೆ ಬಿಟ್ಟು ಅದಕ್ಕೇ ಕಾಯೋಕೆ ಶುರು ಮಾಡಿದೆ.

ನನಗೆ ಹಾರ್ನ್ ಅಂದ್ರೆ ಒಂದು ಕಿವಿ ಇದೆ. ನಮ್ಮ ಅಬ್ಬಾ ಶಿವಾಜಿನಗರದಲ್ಲಿ ಆಟೋ ಓಡಿಸ್ತಿದ್ರು, ರಬ್ಬರ್ ಬುರುಡೆ ಹಿಂಡೋ ಹಾರ್ನ್ ಕಾಲದಲ್ಲಿ. ಗಲ್ಲಿ ತುಂಬ ಆಟೋ ಇದ್ರೂ ಅಬ್ಬಾ ಹಿಂಡಿದ್ದು ಯಾವುದು ಅಂತ ನಮಗೆ ಒಳಗಿಂದಲೇ ಗೊತ್ತಾಗೋದು. ಅಮ್ಮ ರೊಟ್ಟಿಗೆ ಹಂಚು ಇಡೋಳು. ಈ ದೇಶಕ್ಕೆ ಬಂದ ಮೇಲೆ ನಾನು ಹಾರ್ನ್ ಮುಟ್ಟಿಲ್ಲ. ಇಲ್ಲಿ ಜೋರಾಗಿ ಒತ್ತಿದ್ರೆ ಬೈದ ಹಾಗೆ. ಚಿಕ್ಕದಾಗಿ ಎರಡು ಸಲ ಒತ್ತಿದ್ರೆ ಪರಿಚಯದವರು, ಹಲೋ ಅಂದ ಹಾಗೆ. ಎದುರುಮನೆಯಲ್ಲಿ ಒಬ್ಬರು ಐರಿಶ್ ಅಜ್ಜ ಇದಾರೆ, ಯಾವಾಗ್ಲೂ ಬೇಲಿ ಕತ್ತರಿಸ್ತಿರ್ತಾರೆ. ಯಾವ ಕಾರು ಪೀಪ್ ಅಂದ್ರೂ ಯಾರು ಅಂತಾನೂ ನೋಡದೆ ಕೈ ಎತ್ತುತ್ತಾರೆ.

ಆಗಸ್ಟ್ ಇರಬೇಕು. ಒಂದು ಭಾನುವಾರ ಬಿರಿಯಾನಿ ಆಗಿತ್ತು. ಮಗಳು ಟೇಬಲ್ ಆ ತುದೀಲಿ ಫೋನ್ ನೋಡ್ತಿದ್ಲು. ಪಾದ್ರಿ ಏನೋ ಹೇಳಿದ್ರು, ಹಾರ್ನ್ ಶುರುವಾಯ್ತು. ಆ ಗದ್ದಲದ ಮಧ್ಯದಲ್ಲೇ ಮೇಕೆ ದನಿ ಕೇಳಿಸ್ತು. ಉದ್ದಕ್ಕೆ, ಒಂದೇ ಸಲ, ಎಲ್ಲರ ಜೊತೆ. ಆಮೇಲೆ ಎಲ್ಲ ನಿಲ್ತು. ನಾವು ಕಾದ್ವಿ. ಪಾದ್ರಿ ಮುಂದಿನ ಮಾತು ಶುರು ಮಾಡಿದ್ರು.

ನನ್ನ ಕೈಯಲ್ಲಿ ತಟ್ಟೆ ಹಾಗೇ ಇತ್ತು. ಅವಳು ನನ್ನ ನೋಡಿದ್ಲು.

"ಆಂಟಿ, ಟ್ರಕ್ ನಮ್ಮದೇ."

"ಹೂಂ."

"ಕೈ ಅಪ್ಪಂದಲ್ಲ. ಅಲ್ವಾ?"

ಸುಳ್ಳು ಹೇಳಬಹುದಿತ್ತು. ನನಗೆ ಬರಲ್ಲ. "ಅಲ್ಲ ಅನ್ಸ್ತು" ಅಂದೆ.

ರಾತ್ರಿ ನಮ್ಮನೆಯವರು ನನ್ನ ಮೇಲೆ ಹರಿಹಾಯ್ದ್ರು. "ಒಂದು ದಿನ ಬಾಯಿ ಮುಚ್ಕೊಂಡಿರೋಕೆ ಆಗಲ್ವಾ ನಿನಗೆ? ಹಾರ್ನ್ ಎಕ್ಸ್‌ಪರ್ಟು." ಅವರು ಹೇಳಿದ್ದೂ ಸರಿಯೇ. ಪಾಪ ಆ ಮನುಷ್ಯಂಗೆ ಮಂಡಿ ನೋವಿರಬಹುದು, ಮಗ ಓಡಿಸಿರಬಹುದು.

ಹುಡುಗಿ ಫೋನ್ ಮಾಡಿದ್ರೆ ಅವಳಮ್ಮನೂ ಅದನ್ನೇ ಹೇಳಿದ್ರು. ನಿನ್ನ ಅಣ್ಣ ಓಡಿಸ್ದ, ಅಪ್ಪಂಗೆ ಮಂಡಿ ನೋವು ಅಂತ. ಮಾತಾಡಿಸು ಅಂದ್ರೆ ಮಲಗಿದಾರೆ. ಮಾರನೇ ದಿನ ಮಾಡಿದ್ರೆ ಶೆಡ್ಡಲ್ಲಿದಾರೆ. ಅದರ ಮಾರನೇ ದಿನ ಮತ್ತೆ ಮಲಗಿದಾರೆ. ನಾನು ಒಲೆ ಹತ್ರ ನಿಂತು ಇದನ್ನೆಲ್ಲ ಕೇಳಿಸ್ಕೊಳ್ತಿದ್ದೆ. ಈ ಮಾತೆಲ್ಲ ನನಗೆ ಗೊತ್ತು. ನಮ್ಮ ಅಬ್ಬಾಗೆ ಆಪರೇಷನ್ ಆಗಿದ್ದು ನನಗೆ ಹೊಲಿಗೆ ಬಿಚ್ಚಿದ ಮೇಲೆ ಗೊತ್ತಾಯ್ತು. ದೂರದಲ್ಲಿರೋರಿಗೆ ಯಾಕೆ ತೊಂದರೆ, ಅಲ್ಲಿ ಒಬ್ಬಳೇ ಕೂತು ಅಳ್ತಾಳೆ ಅಂತ. ಆದ್ರೆ ಇದು ನಮ್ಮವರ ರೋಗ ಅನ್ಕೊಂಡಿದ್ದೆ. ಅಮೆರಿಕದವರು ಎಲ್ಲಾನೂ ಮುಖಕ್ಕೆ ಹೇಳ್ಬಿಡ್ತಾರೆ, ಅವರಲ್ಲಿ ಮುಚ್ಚುಮರೆ ಇಲ್ಲ ಅಂತ ಯಾರು ನನ್ನ ತಲೇಲಿ ತುಂಬಿದ್ರೋ.

ಶನಿವಾರ ಅವಳು ಅಮ್ಮಂಗೆ ಫೋನ್ ಮಾಡಿ ಹೇಳಿದ್ಲು, ನಾಳೆ ಅಪ್ಪಂಗೆ ನನಗೋಸ್ಕರ ಯಾವಾಗ್ಲೂ ಮಾಡೋ ಹಾಗೇ ಹಾರ್ನ್ ಮಾಡೋಕೆ ಹೇಳು ಅಂತ.

ಭಾನುವಾರ ನಮ್ಮನೆಯವರೂ ಬಂದು ಫ್ರಿಜ್ ಪಕ್ಕ ನಿಂತ್ರು. ಮಗಳು ಫೋನ್ ಕೆಳಗಿಟ್ಲು. ಪಾದ್ರಿ ಹೇಳಿದ್ರು, ಎಲ್ಲರೂ ಒತ್ತಿದ್ರು, ನಿಲ್ಲಿಸಿದ್ರು. ಆಮೇಲೆ ಬಂತು. ಚಿಕ್ಕದಾಗಿ, ಎರಡು ಸಲ. ನಮ್ಮನೆಯವರು "ಅಲ್‌ಹಮ್ದುಲಿಲ್ಲಾ" ಅಂದ್ಬಿಟ್ರು. ನಾನೂ ಉಸಿರು ಬಿಟ್ಟೆ. ಅವಳ ಕಡೆ ನೋಡ್ತೀನಿ, ಅವಳು ಟೇಬಲ್ ಮೇಲೆ ತಲೆ ಇಟ್ಟು ಅಳ್ತಿದಾಳೆ.

"ಬಂತಲ್ಲಮ್ಮ. ಸರಿಯಾಗೇ ಬಂತು."

"ಅದಕ್ಕೇ ಆಂಟಿ" ಅಂದ್ಲು ತಲೆ ಎತ್ತದೆ. "ಹೇಳಿದ್ದು ಹೇಳಿದ ಹಾಗೆ ಮಾಡಿದ ದಿನಾನೇ ಇಲ್ಲ ನಮ್ಮಪ್ಪ. ಬೇಕೂಂತ ಬೇರೆ ಥರ ಮಾಡೋರು, ನನ್ನ ನಗಿಸೋಕೆ."

ಪ್ರಾರ್ಥನೆ ಮುಗಿಯೋವರೆಗೂ ಕಾಯಲಿಲ್ಲ, ನೇರ ಅಣ್ಣಂಗೆ ಫೋನ್ ಮಾಡಿದ್ಲು. ಸ್ಕ್ರೀನಲ್ಲಿ ಪಾದ್ರಿ ಮಾತಾಡ್ತಾನೇ ಇದ್ರು. ಆ ಸಾಲು ಕಾರುಗಳಲ್ಲಿ ಎಲ್ಲೋ ಒಂದರಲ್ಲಿ ಅವನು ಫೋನ್ ಎತ್ತಿದ.  ಫೋನಲ್ಲಿ ಒಬ್ಬ ಗಂಡಸು ಅಳೋದು ಮಾತ್ರ ಕೇಳಿಸ್ತಿತ್ತು, ನನಗೆ ಸಿಂಕ್ ಹತ್ರಕ್ಕೂ ಕೇಳಿಸ್ತಿತ್ತು.

ಅಪ್ಪ ಕೋವಿಡ್ ಆಗಿ ಆಸ್ಪತ್ರೆ ಸೇರಿ ಹತ್ತಿರ ಹತ್ತಿರ ಎರಡು ವಾರ ಆಗಿತ್ತಂತೆ. ಗಂಟಲಿಗೆ ಟ್ಯೂಬ್ ಹಾಕಿದ್ರಂತೆ. ಹೆಂಡತಿ ಮಕ್ಕಳನ್ನೂ ಒಳಗೆ ಬಿಡ್ತಿಲ್ಲ, ನೀನು ಬಂದು ಏನ್ ಮಾಡ್ತಿದ್ದೆ, ದಾರೀಲಿ ನಿನಗೂ ಹತ್ಕೊಂಡ್ರೆ ಅಮ್ಮಂಗೆ ಯಾರು ಅಂತ ಅಣ್ಣ ಹೇಳ್ದ. ಅವಳು ಟಿಕೆಟ್ ತಗೊಂಡ್ಲು. ಆಗ ಇದ್ದಿದ್ದೇ ಬೆರಳೆಣಿಕೆ ಫ್ಲೈಟು, ಗುರುವಾರಕ್ಕೆ ಸಿಕ್ತು. ಮಂಗಳವಾರ ಒಬ್ಬರು ನರ್ಸ್ ಅಪ್ಪನ ಕಿವಿ ಹತ್ರ ಫೋನ್ ಹಿಡಿದ್ರು. ಇವಳು ಹಿತ್ತಲಲ್ಲಿ ಕಸದ ಡಬ್ಬ ಪಕ್ಕ ನಿಂತು ಮಾತಾಡಿದ್ಲು. ದೇವರ ಮಾತು ಆಡ್ತಾಳೆ ಅನ್ಕೊಂಡಿದ್ದೆ. ಇಲ್ಲ. ಜಿಂಕೆ ಬಗ್ಗೆ ಹೇಳಿದ್ಲು. ಇಲ್ಲಿ ಬಿಸಿಲಲ್ಲಿ ಟೀ ಆಗಲ್ಲ ಅಪ್ಪ, ಆದ್ರೂ ಕುಡೀತೀನಿ ಅಂತ ಹೇಳಿದ್ಲು. ನಾನು ಕಿಟಕಿ ಮುಚ್ಚಿದೆ, ಅದು ನಾನು ಕೇಳೋ ಮಾತಲ್ಲ ಅಂತ.

ಬುಧವಾರ ಅವಳಪ್ಪ ಹೋಗ್ಬಿಟ್ರು. ಅವಳ ಸೂಟ್‌ಕೇಸ್ ಬಾಗಿಲ ಹತ್ರಾನೇ ಇತ್ತು.

ಅವಳಮ್ಮ ಬರಬೇಡ ಅಂದ್ರು. ಅವರಿಗೆ ಆಸ್ತಮಾ. ಎರಡು ಏರ್‌ಪೋರ್ಟ್ ದಾಟಿ ಬಂದ ಮಗಳನ್ನ ತಬ್ಕೊಳ್ಳೋ ಹಾಗಿಲ್ಲ, ಬೇರೆ ಮನೇಲಿ ದಿನಗಟ್ಟಲೆ ಕೂರಬೇಕು, ಅಷ್ಟರೊಳಗೆ ಮಣ್ಣೂ ಆಗ್ಹೋಗಿರತ್ತೆ. ಕಣ್ಣೆದುರಿಗೆ ಇದ್ದೂ ಮುಟ್ಟೋಕಾಗದೆ ಇದ್ರೆ ನಾನು ತಡ್ಕೊಳ್ಳಲ್ಲ ಅಂದ್ರಂತೆ. ಅವಳು ಸೂಟ್‌ಕೇಸ್ ವಾಪಸ್ ಮೇಲೆ ತಗೊಂಡ್ಹೋದ್ಲು.

ನಮ್ಮಲ್ಲಿ ಸಾವಾದ ಮನೇಲಿ ಮೂರು ದಿನ ಒಲೆ ಹಚ್ಚಲ್ಲ, ಅಕ್ಕಪಕ್ಕದವರು ಊಟ ತರ್ತಾರೆ. ಈಗ ಸಾವಾದ ಮನೆ ಯಾವುದು, ಪಕ್ಕದ ಮನೆ ಯಾವುದು? ಎರಡೂ ನಂದೇ. ಅವಳು ಎದುರುಮನೆಯವರಿಗೂ ಹೇಳಬೇಡಿ ಅಂದಿದ್ಲು. ಹೇಳಿದ್ರೆ ಬರ್ತಾರೆ, ಗೇಟಲ್ಲೇ ನಿಂತು ಸಾರಿ ಅಂತಾರೆ, ಯಾರೂ ಹತ್ರ ಬರೋ ಹಾಗಿಲ್ಲ, ಅದು ಬೇಡ ಅಂತ. ನಾನು ಅಡುಗೆ ಮಾಡಿ, ತಟ್ಟೆ ಮುಚ್ಕೊಂಡು, ಮೆಟ್ಟಿಲು ಹತ್ತಿ, ಬೇರೆ ಮನೆಯಿಂದ ಬಂದೋಳ ಹಾಗೆ ಬಾಕ್ಸ್ ರೂಮ್ ಬಾಗಿಲು ತಟ್ತಿದ್ದೆ. ಬಾಗಿಲು ಅರ್ಧ ತೆಗೆಯೋದು, ಒಂದು ಕೈ ಬರೋದು, ತಟ್ಟೆ ತಗೊಳ್ಳೋದು. ಅರ್ಧಕ್ಕರ್ಧ ಹಾಗೇ ವಾಪಸ್ ಬರೋದು.

ಮಣ್ಣು ಮಾಡೋ ದಿನ ಅಲ್ಲೂ ಅದೇ ಪಾರ್ಕಿಂಗಲ್ಲೇ ಪ್ರಾರ್ಥನೆ. ನಾನು ಟೇಬಲ್ ಒರೆಸಿ ಇಟ್ಟಿದ್ದೆ. ಅವಳು ಹೂವಿನ ಫ್ರಾಕಲ್ಲಿ ಇಳಿದು ಬಂದ್ಲು, ಬಿಳೀ ಶೂ ಕೈಯಲ್ಲಿತ್ತು.

"ಆಂಟಿ, ಅಲ್ಲಿ ಎಲ್ಲರೂ ಕಾರಲ್ಲೇ ಇರ್ತಾರೆ. ನಾನೂ ಕಾರಲ್ಲಿ ಕೂತ್ಕೊಳ್ಲಾ?"

ಕೀ ಕೊಟ್ಟೆ. ಮನೆ ಮುಂದೆ ನಿಂತಿದ್ದ ನಮ್ಮ ಕಾರಿನ ಎಡಗಡೆ ಬಾಗಿಲು ತೆಗೆದು ಕೂತ್ಲು. ಅವರ ದೇಶದ ಅಭ್ಯಾಸ, ಡ್ರೈವರ್ ಸೀಟು ಎಡಕ್ಕೆ ಅಂತ. ಕೂತ ಮೇಲೆ ಮುಂದೆ ಸ್ಟೀರಿಂಗ್ ಇಲ್ಲ. ಹಾಗೇ ಸ್ವಲ್ಪ ಹೊತ್ತು ನೋಡ್ತಾ ಇದ್ಲು, ಆಮೇಲೆ ಇಳಿದು ಸುತ್ಕೊಂಡು ಈ ಕಡೆ ಬಂದ್ಲು. ಬೇರೆ ದಿನ ಆಗಿದ್ರೆ ನನ್ನ ಮಗಳು ವಾರಗಟ್ಟಲೆ ಆಡ್ಕೊಳ್ಳೋಳು. ಅವತ್ತು ಬಾಗಿಲಲ್ಲೇ ನಿಂತು ನೋಡಿ ಒಳಗೆ ಹೋದ್ಲು.

ನಾನು ಅವಳ ಪಕ್ಕ ಕೂತೆ. ಲ್ಯಾಪ್‌ಟಾಪ್ ನನ್ನ ತೊಡೆ ಮೇಲೆ. ಹಾಡು ಆಯ್ತು, ಅಣ್ಣ ಮೈಕ್ ಹತ್ರ ಬಂದು ಮಾತಾಡೋಕಾಗದೆ ವಾಪಸ್ ಹೋದ. ಟ್ರಕ್ ಮುಂದಿನ ಸಾಲಲ್ಲಿತ್ತು, ಮೇಲೆ ಹೂವು. ಕೊನೆಗೆ ಪಾದ್ರಿ ಅವಳಪ್ಪನ ಹೆಸರು ಹೇಳಿ ಆಮೆನ್ ಅಂದ್ರು. ಎಲ್ಲರೂ ಹಾರ್ನ್ ಒತ್ತಿದ್ರು. ಎಷ್ಟು ಹೊತ್ತು ಒತ್ತಿದ್ರು ಅಂದ್ರೆ ಲ್ಯಾಪ್‌ಟಾಪ್ ಸ್ಪೀಕರ್ ಒಡೆದ ಹಾಗೆ ಕರ್ರ್ ಅಂತಿತ್ತು. ಒಂದೊಂದೇ ನಿಲ್ತಾ ಬಂತು. ನಿಲ್ತು.

ಆ ಮೌನದಲ್ಲಿ ನಾವಿಬ್ಬರೂ ಕಾದ್ವಿ. ಬರಲ್ಲ ಅಂತ ಗೊತ್ತು, ಆದ್ರೂ ಕಾದ್ವಿ.

ಅವಳು ಸ್ಟೀರಿಂಗ್ ಮಧ್ಯೆ ಅಂಗೈ ಇಟ್ಲು. ಯೋಚನೆ ಮಾಡಿದ ಹಾಗಿತ್ತು. ಆಮೇಲೆ ಒತ್ತಿದ್ಲು. ಚಿಕ್ಕದಾಗಿ, ಎರಡು ಸಲ.

ಎದುರುಮನೆ ಅಜ್ಜ ಬೇಲಿ ಕತ್ತರಿಸ್ತಾ ಇದ್ದೋರು, ತಿರುಗಿಯೂ ನೋಡದೆ ಕತ್ತರಿ ಸಮೇತ ಕೈ ಎತ್ತಿದ್ರು, ಹಲೋ ಅಂತ.

ಅವಳೂ ಕೈ ಎತ್ತಿದ್ಲು. ಎತ್ತಿದ ಕೈ ಇಳಿಸೋದು ಮರೆತು ಹಾಗೇ ಕೂತಿದ್ಲು. ನಾನೇ ಹಿಡಿದು ಇಳಿಸಿದೆ.