ಹೊಲಿಗೆ ಮಷಿನ್ನಿನ ಪೆಡಲು, ಕಾರ್ ರೇಸು

ನನ್ನ ಅಕ್ಕನನ್ನು ಮೋಸಗಾತಿ ಎಂದವನು ಯಾರೋ ಒಬ್ಬ ಮನುಷ್ಯನಾಗಿದ್ದರೆ ಅವನ ಮನೆ ಬಾಗಿಲಿಗೇ ಹೋಗಿ ಜನ್ಮ ಜಾಲಾಡಿಬಿಡುತ್ತಿದ್ದೆ. ಅಂದದ್ದು ಒಂದು ಆಟದ ಕಂಪನಿ. ಅದಕ್ಕೆ ತಟ್ಟಲು ಬಾಗಿಲೂ ಇಲ್ಲ, ಉಗಿಯಲು ಮುಖವೂ ಇಲ್ಲ.

ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವಳು. ಮೊಣಕೈ ಎತ್ತರಕ್ಕೆ ಪೇರಿಸಿದ ಬಟ್ಟೆಯನ್ನು ಒಂದೇ ಗೆರೆಯಲ್ಲಿ ಕತ್ತರಿಸುತ್ತಿದ್ದಳು, ನೂಲಿನಷ್ಟೂ ಆಚೀಚೆ ಆಗುತ್ತಿರಲಿಲ್ಲ. ಹೆಂಗಸು ಆ ಮೇಜಿಗೆ ಬಂದದ್ದನ್ನು ನೋಡಿ ಮೂಗು ಮುರಿದವರೇ ಜಾರುವ ಬಟ್ಟೆ ಬಂದಾಗ ಅವಳನ್ನು ಕೂಗಿ ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಳು. ಪಾರ್ಶ್ವವಾಯು ಎಂದರು ಡಾಕ್ಟರು. ಕಾಲು ಬಂತು, ಮಾತು ಬಂತು, ಬಲಗೈ ಮಾತ್ರ ಬರಲಿಲ್ಲ. ಆಮೇಲೆ ಮನೆಗೆ ಬಂದವರೆಲ್ಲ ಅವಳ ಮುಖಕ್ಕಿಂತ ಮೊದಲು ಆ ಕೈಯನ್ನು ನೋಡತೊಡಗಿದರು. "ಅಯ್ಯೋ ಪಾಪ" ಎನ್ನುತ್ತ ಅವಳ ಲೋಟವನ್ನು ತಾವೇ ಎತ್ತಿ ಬಾಯಿಗೆ ಹಿಡಿಯುವ ಪುಣ್ಯಾತ್ಮರೂ ಇದ್ದರು. ಆ ಮಾತು ಕೇಳಿದರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಭಾವ ಹೊಲಿಗೆ ಮಷಿನ್ ರಿಪೇರಿ ಮಾಡುವವರು. ಯಾರ ಮಷಿನ್ನನ್ನೂ ಮರೆಯಲ್ಲಿ ಬಿಚ್ಚುವವರಲ್ಲ. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಬಿಳಿ ಬಟ್ಟೆ ಹಾಸಿ, ಒಂದೊಂದೇ ಭಾಗ ಬಿಚ್ಚಿಟ್ಟು, ಇದು ಸವೆದಿದೆ, ಇದು ಇನ್ನೂ ಗಟ್ಟಿ ಇದೆ ಎಂದು ತೋರಿಸಿಯೇ ಕೈ ಹಚ್ಚುವುದು. ಗಿರಾಕಿಗೆ ಬಸ್ಸು ತಪ್ಪಿದರೂ ಸರಿ, ಪ್ರದರ್ಶನ ಮುಗಿಯಬೇಕು. ಮನೆಯ ಕಂಪ್ಯೂಟರನ್ನು ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಂಡದ್ದೂ ಇದೇ ಹುಚ್ಚಿಗೆ.

"ಇದ್ರ ಹೊಟ್ಟೆ ಒಳಗೆ ಏನಿದೆ ಅಂತ ಯಾರು ಬೇಕಾದ್ರೂ ನೋಡ್ಬಹುದು ಕಣಮ್ಮ. ಕೆಟ್ರೆ ರಿಪೇರಿ ಮಾಡ್ಬಹುದು, ಮಾಡಿದ್ದನ್ನ ಊರಿಗೆಲ್ಲ ಹಂಚ್ಬಹುದು" ಎಂದು ನನ್ನ ತಲೆ ತಿನ್ನುತ್ತಿದ್ದರು.

ತಲೆ ತಿಂದರೂ ಕೆಲಸ ಮಾಡಿದರು, ಸುಳ್ಳು ಹೇಳಬಾರದು. ಅಕ್ಕನಿಗೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವ ಆಸೆ ಹುಟ್ಟಿತ್ತು, ಆದರೆ ಅಂಗಡಿಯಲ್ಲಿ ಸಿಗುವ ಆಟದ ಸಾಧನಗಳೆಲ್ಲ ಎರಡು ಕೈ ಕೇಳುತ್ತವೆ. ಭಾವ ಹಳೆಯ ಕರೆಂಟ್ ಮಷಿನ್ನುಗಳ ಎರಡು ಪೆಡಲುಗಳನ್ನು ತಂದು, ಒಂದನ್ನು ವೇಗಕ್ಕೂ ಇನ್ನೊಂದನ್ನು ಬ್ರೇಕಿಗೂ ಮಾಡಿ, ಎಡಗೈಗೆ ಒಂದು ಸ್ಟಿಯರಿಂಗ್ ಕೂರಿಸಿದರು. ಇದನ್ನೆಲ್ಲ ಕಂಪ್ಯೂಟರಿಗೆ ಅರ್ಥಮಾಡಿಸಲು ಪುಟ್ಟದೊಂದು ಪ್ರೋಗ್ರಾಂ ಬರೆದು, ಬೇಕಾದವರು ತೆಗೆದುಕೊಳ್ಳಲಿ ಎಂದು ನೆಟ್ಟಿನಲ್ಲಿ ಬಿಟ್ಟರು. ಪೆಡಲು ಒತ್ತಿದ ಮೇಲೆ ಕಾರು ಅರೆಕ್ಷಣ ಯೋಚಿಸಿ ಹೊರಡುತ್ತಿತ್ತು. ಮುಖವನ್ನೇ ಕಾಣದ ಯಾರೋ ಒಬ್ಬರು, ಯಾವ ದೇಶದವರೋ ಏನೋ, ಆ ಪ್ರೋಗ್ರಾಂ ಓದಿ ದೋಷ ಸರಿಮಾಡಿ ಕಳಿಸಿದರು. ಆಟ ಲಿನಕ್ಸ್‌ಗಾಗಿ ಮಾಡಿದ್ದಲ್ಲ. ಆದರೆ ಅದರ ಭಾಷೆಯನ್ನು ಲಿನಕ್ಸ್‌ಗೆ ತಿಳಿಸಿ ಹೇಳುವ ದುಭಾಷಿ ಪ್ರೋಗ್ರಾಮನ್ನೂ ಇಂಥವರೇ ಬರೆದಿಟ್ಟಿದ್ದಾರೆ. ಆಟ ಬೆಣ್ಣೆಯಂತೆ ಓಡಿತು.

ಅಕ್ಕನೂ ಓಡಿದಳು. ಅಲ್ಲಿ ಅವಳ ಹೆಸರು 'ಕತ್ತರಿ'. ಬೇರೆ ಬೇರೆ ಊರಿನವರ ಒಂದು ಗುಂಪು ಸಿಕ್ಕಿತು, ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನೊಬ್ಬ ಅದರ ಕ್ಯಾಪ್ಟನ್. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಪರಸ್ಪರ ಬೈದಾಡುತ್ತ ಓಡಿಸುವ ಜನ. ಅಲ್ಲಿ ಯಾರೂ ಯಾರಿಗೂ ಒಂದಿಂಚು ಬಿಟ್ಟುಕೊಡುತ್ತಿರಲಿಲ್ಲ. ಅಕ್ಕನ ಕೈಯ ವಿಷಯ ಒಬ್ಬರಿಗೂ ಗೊತ್ತಿರಲಿಲ್ಲ, ಅವಳೂ ಹೇಳಿರಲಿಲ್ಲ. ಇಡೀ ಭೂಮಿಯ ಮೇಲೆ ಅವಳು 'ಪಾಪ' ಅಲ್ಲದೆ ಇರಬಹುದಾದ ಜಾಗ ಅದೊಂದೇ ಆಗಿತ್ತು.

ಒಂದು ಮಧ್ಯಾಹ್ನ ಆಟ ತೆರೆದರೆ, ಮೋಸಕ್ಕಾಗಿ ನಿಷೇಧ ಎಂದು ಪರದೆಯ ತುಂಬ ಬರೆದಿತ್ತು. ಕಂಪನಿ ಕಳ್ಳಾಟ ತಡೆಯಲೆಂದು ಹೊಸ ಕಾವಲು ಪ್ರೋಗ್ರಾಂ ತಂದಿತ್ತಂತೆ. ಅದು ಕಂಪ್ಯೂಟರಿನ ಬೇರಿನಲ್ಲೇ ಕೂತು ಎಲ್ಲವನ್ನೂ ನೋಡಬೇಕಂತೆ. ಲಿನಕ್ಸ್‌ನಲ್ಲಿ ಅದನ್ನು ನಡೆಸುವ ಗೋಜೇ ಬೇಡವೆಂದು ಅಲ್ಲಿನವರನ್ನೆಲ್ಲ ಹೊರಗೆ ಹಾಕಿದ್ದರು. ಅಕ್ಕನ ಪೆಡಲು ಗುರುತು ಸಿಗದ ಸಾಧನವಾದ್ದರಿಂದ ಅವಳಿಗೆ ವಿಶೇಷ ಮರ್ಯಾದೆ. ಎಲ್ಲರಿಗೂ ಕಾಣುವಂತೆ ಅವಳ ಹೆಸರಿನ ಪಕ್ಕದಲ್ಲೇ 'ಮೋಸ' ಎಂಬ ಕೆಂಪು ಪಟ್ಟಿ.

ಎಷ್ಟು ಸೊಕ್ಕು ನೋಡಿ! ಆ ಕಾವಲುಗಾರನ ಹೊಟ್ಟೆಯೊಳಗೆ ಏನಿದೆಯೆಂದು ನಾವು ಇಣುಕುವಂತಿಲ್ಲ, ಅವನು ಮಾತ್ರ ನಮ್ಮ ಬೀರುವನ್ನೆಲ್ಲ ತಡಕಾಡಬೇಕು. ಎಲ್ಲವನ್ನೂ ಬಿಚ್ಚಿಟ್ಟವರು ಕಳ್ಳರು, ಬೀಗ ಜಡಿದು ಕೂತವರು ಸಾಚಾಗಳು. ನನಗೆ ಈಗಲೂ ರಕ್ತ ಕುದಿಯುತ್ತದೆ.

ಭಾವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಅಕ್ಕ ಆಡುತ್ತಿದ್ದಾಗ ನೆನಪಿಗೆಂದು ತೆಗೆದಿಟ್ಟಿದ್ದ ವಿಡಿಯೋ ಅವರ ಬಳಿ ಇತ್ತು. ಬಿಳಿ ಬಟ್ಟೆ ಹಾಸಿ, ಪೆಡಲುಗಳನ್ನು ಬಿಚ್ಚಿ, ಅದನ್ನೂ ಚಿತ್ರೀಕರಿಸಿ ಎರಡು ವಿಡಿಯೋಗಳನ್ನೂ ಜೋಡಿಸಿದರು. ಎಡಗೈ ಸ್ಟಿಯರಿಂಗ್ ತಿರುಗಿಸುವುದು, ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುವುದು, ಎಲ್ಲವೂ ಅದರಲ್ಲಿತ್ತು. ಜೊತೆಗೆ ಪ್ರೋಗ್ರಾಮನ್ನೂ ಇಟ್ಟು ಕಂಪನಿಗೆ ಕಳಿಸಿದರು. ಯಾರಿಗೂ ಅನುಮಾನ ಉಳಿಯಬಾರದೆಂದು ಗುಂಪಿಗೂ ಹಾಕಿದರು. ಅಕ್ಕನನ್ನು ಒಂದು ಮಾತು ಕೇಳಲಿಲ್ಲ.

ಕಂಪನಿಯಿಂದ ಉತ್ತರ ಬಂತು. ಹೊರಗಿನ ಪ್ರೋಗ್ರಾಂ ಬಳಸಿದ್ದನ್ನು ನೀವೇ ಒಪ್ಪಿಕೊಂಡಿದ್ದೀರಿ, ಆದ್ದರಿಂದ ನಿಷೇಧ ಶಾಶ್ವತ ಎಂದು. ಗುಂಪಿನಿಂದಲೂ ಉತ್ತರ ಬಂತು. "ಅಯ್ಯೋ ಪಾಪ, ಅಕ್ಕ, ನಮಗೆ ಗೊತ್ತೇ ಇರ್ಲಿಲ್ಲ" ಎಂದು ಬೇಕರಿಯವನು ಬರೆದಿದ್ದ.

ಅಕ್ಕ ಅದನ್ನು ಓದಿ ಭಾವನ ಕಡೆ ತಿರುಗಿದಳು. "ಮಷಿನ್ ಬಿಚ್ಚಿ ತೋರಿಸ್ರಿ, ಯಾರು ಬೇಡ ಅಂದ್ರು? ನನ್ನನ್ನ ಯಾಕ್ರೀ ಬಿಚ್ಚಿಟ್ರಿ?"

"ಇದ್ದಿದ್ದನ್ನ ಇದ್ದ ಹಾಗೆ ತೋರಿಸ್ದೆ ಕಣೇ. ಮುಚ್ಚಿಡೋದು ಏನಿದೆ ಅದ್ರಲ್ಲಿ?"

"ಪ್ರೋಗ್ರಾಂ ನಿಮ್ಮದು, ಊರಿಗೆಲ್ಲ ಹಂಚಿ. ಕೈ ನಂದು."

ಭಾವ ಬಿಳಿ ಬಟ್ಟೆಯನ್ನು ತೆಗೆದು ಮಡಿಸಿಟ್ಟರು. ನನಗೆ ಅವರ ಮೇಲೂ ಸಿಟ್ಟು ಬಂತು, ಪೆಚ್ಚಾದ ಆ ಮುಖ ನೋಡಿ ಅಯ್ಯೋ ಅನಿಸಿತು, ಕೊನೆಗೆ ಎಲ್ಲ ಸಿಟ್ಟೂ ಕಂಪನಿಯ ಕಡೆಗೇ ಹೋಯಿತು. ಅವರು ಆ ಪಟ್ಟಿ ಅಂಟಿಸದಿದ್ದರೆ ಈ ಮನುಷ್ಯ ಯಾಕೆ ಹೆಂಡತಿಯ ಪರ ಸಾಕ್ಷಿ ಹೇಳಲು ಹೋಗುತ್ತಿದ್ದರು?

ಕೆಲವು ದಿನಗಳ ಮೇಲೆ ಭಾವ ಇನ್ನೊಂದು ರೇಸಿನ ಆಟ ಹುಡುಕಿ ತಂದರು. ಜನ ತಾವಾಗಿಯೇ ಸೇರಿ ಮಾಡಿದ್ದು, ಲಿನಕ್ಸ್‌ನಲ್ಲೇ ಹುಟ್ಟಿ ಬೆಳೆದದ್ದು, ಒಳಗೆಲ್ಲ ಬಟಾಬಯಲು. ಈ ಸಲ ಮೊದಲು ಅಕ್ಕನನ್ನು ಕೇಳಿದರು. ಅವಳು "ಹೂಂ" ಎಂದ ಮೇಲೆ ಗುಂಪಿಗೆ ತಿಳಿಸಿದರು. ಒಂದು ರಜೆಯ ದಿನ ಎಲ್ಲರೂ ಆ ಆಟಕ್ಕೆ ಬಂದರು. ನಮಗೂ ಕೇಳಿಸಲೆಂದು ಭಾವ ಸ್ಪೀಕರ್ ಹಾಕಿದರು.

ಓಟ ಶುರುವಾಯಿತು. ಅಕ್ಕನ ಕಾರು ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಹೋಯಿತು. ಕೊನೆಯ ತಿರುವಿನಲ್ಲಿ ಬೇಕರಿಯವನೂ ಹಿಂದೆ ಬಿದ್ದ. ಅವಳು ಮೊದಲನೆಯವಳಾಗಿ ಗೆರೆ ದಾಟಿದಾಗ ನಾನು ಪೆದ್ದಿಯಂತೆ ಚಪ್ಪಾಳೆ ತಟ್ಟಿದೆ. ಸ್ಪೀಕರಿನಲ್ಲೂ ಚಪ್ಪಾಳೆ.

ಅಕ್ಕ ನಗಲಿಲ್ಲ. "ಕೊನೇ ತಿರುವಲ್ಲಿ ಯಾಕೋ ಬ್ರೇಕ್ ಹಾಕ್ದೆ?"

"ಟೈರ್ ಜಾರ್ತು ಅಕ್ಕ" ಎಂದ ಬೇಕರಿಯವನು.

"ಎಲ್ಲರದ್ದೂ ಒಂದೇ ದಿನ ಜಾರ್ತಾ?"

ಅಕ್ಕ ಪೆಡಲಿನಿಂದ ಕಾಲು ತೆಗೆದಳು.

"ಇಷ್ಟು ದಿನ ನಾನು ಒಂದ್ಸಲನೂ ಮೋಸ ಮಾಡ್ಲಿಲ್ಲ. ಇವತ್ತು ನೀವೆಲ್ಲ ಸೇರ್ಕೊಂಡು ಮಾಡಿದ್ರಿ. ಇದನ್ನ ಹಿಡಿಯೋಕೆ ಯಾವ ಕಂಪನಿ ಹತ್ರ ಕಾವಲುಗಾರ ಇದ್ದಾನೆ?" ಅವಳು ಸ್ಟಿಯರಿಂಗ್ ಮತ್ತೆ ಹಿಡಿದಳು. "ಮತ್ತೆ ಶುರು ಮಾಡ್ರೋ. ಸರಿಯಾಗಿ ಓಡಿಸೋಕೆ ಆಗ್ದಿದ್ರೆ ಈಗ್ಲೇ ಎದ್ದು ಹೋಗಿ."

ಯಾರೂ ಎದ್ದು ಹೋಗಲಿಲ್ಲ. ಎರಡನೇ ಓಟದ ಮೊದಲ ತಿರುವಿನಲ್ಲೇ ಬೇಕರಿಯವನು ಅವಳ ಕಾರನ್ನು ಒತ್ತಿ ಮಣ್ಣಿಗಿಳಿಸಿದ. ಅಕ್ಕ ಅವನ ವಂಶವನ್ನೆಲ್ಲ ಎತ್ತಿ ಬೈಯುತ್ತ, ಪಕ್ಕದ ಮನೆಯವರು ಕಿಟಕಿ ತೆರೆದು ನೋಡುವಷ್ಟು ಕೂಗುತ್ತ, ಕಾರನ್ನು ಮತ್ತೆ ರಸ್ತೆಗೆ ಹತ್ತಿಸಿ, ಎಲ್ಲರಿಗಿಂತ ಕೊನೆಯವಳಾಗಿ ಗೆರೆ ಮುಟ್ಟಿದಳು.